ಕುಡಿತ ಬಿಡಿಸುವ ಕರಪತ್ರಗಳ ಭಾಷೆ

ಕವನ ಸಂಕಲನ ಬಂದರೆ ವಿಮರ್ಶೆ ಬರೆಯುತ್ತೇವೆ. ಕಾದಂಬರಿ ಬಂದರೆ ಗೋಷ್ಠಿ ಮಾಡುತ್ತೇವೆ. ಬಸ್‌ಸ್ಟ್ಯಾಂಡಿನ ಕಂಬಕ್ಕೆ, ಕೇರಿಯ ತಿರುವಿನ ಪೆಟ್ಟಿಗೆ ಅಂಗಡಿಗೆ ಅಂಟಿಸಿದ ಕರಪತ್ರಕ್ಕೆ ವಿಮರ್ಶೆ ಬರೆದವರನ್ನು ನಾನು ಕಾಣೆ. ನಮ್ಮ ಜನ ಓದುವುದು ಮಾತ್ರ ಅದನ್ನೇ. ಓದು ಬಾರದವರು ಮಗಳ ಕೈಲಿ, ಮೇಷ್ಟ್ರ ಕೈಲಿ ಓದಿಸಿ ಕೇಳುವುದೂ ಅದನ್ನೇ. ಒಂದು ಕವನ ಕೆಟ್ಟರೆ ಓದುಗನ ಅರ್ಧ ಗಂಟೆ ಹಾಳು. ಒಂದು ಕರಪತ್ರ ಸುಳ್ಳು ಹೇಳಿದರೆ ಕೊಟ್ಟಿಗೆಯ ಆಡು, ಕಿವಿಯ ಓಲೆ, ಕೆಲವು ಸಲ ಒಂದು ಜೀವವೇ ಹೋಗುತ್ತದೆ.

ಇಲ್ಲಿ ಓದಲು ತೆಗೆದುಕೊಂಡಿರುವುದು ಕುಡಿತ ಬಿಡಿಸುವ ವಸತಿ ಕೇಂದ್ರಗಳ ಕರಪತ್ರಗಳನ್ನು. ಒಂದು ಕೇಂದ್ರದ್ದೆಂದು ಬೊಟ್ಟು ಮಾಡುತ್ತಿಲ್ಲ. ಊರಿಂದೂರಿಗೆ ಕೇಂದ್ರದ ಹೆಸರು ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. "ಮನೆಗೇ ಬಂದು ಕರೆದೊಯ್ಯುತ್ತೇವೆ." "ಶೇಕಡಾ ನೂರು ಗ್ಯಾರಂಟಿ." "ಶಿಸ್ತು, ಸೇವೆ, ಸಂಸ್ಕಾರ." "ಬಡವರಿಗೆ ರಿಯಾಯಿತಿ." ಈ ನಾಲ್ಕು ಸಾಲುಗಳನ್ನು ಸರಿಯಾಗಿ ಓದಲು ಬಂದರೆ ಕೈಗೆಟುಕುವ, ಮಾನ ಉಳಿಸುವ ಜಾಗ ಯಾವುದೆಂದು ಆರಿಸಲೂ ಬರುತ್ತದೆ. ನನ್ನ ವಾದ ಇಷ್ಟೆ: ಕೇಂದ್ರದ ಬೆಲೆಯನ್ನು ತಿಂಗಳ ಫೀಜಿನಿಂದ ಅಳೆಯಬಾರದು. ಮೊದಲ ನಾಲ್ಕು ದಿನ ಅವನನ್ನು ಯಾರು ಕಾಯುತ್ತಾರೆ, ಆಮೇಲಿನ ಒಂದು ವರ್ಷ ಅವನ ಜೊತೆಗೆ ಯಾರಿರುತ್ತಾರೆ ಎಂಬುದರಿಂದ ಅಳೆಯಬೇಕು.

೧

ಕರಪತ್ರದ ಭಾಷೆ ಆಕಾಶದಿಂದ ಬಿದ್ದದ್ದಲ್ಲ. ನಮ್ಮ ಸಾಹಿತ್ಯ, ಸಿನಿಮಾಗಳು ಕುಡುಕನಿಗೆ ಮೂರು ವೇಷ ಹೊಲಿದು ಕೊಟ್ಟಿವೆ.

ಮೊದಲನೆಯದು ನಗೆಯ ವೇಷ. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಎಂಡ್ಕುಡ್ಕ ರತ್ನನಿಗೆ ಬಾಯಿ ಕೊಟ್ಟವು. ದೇವರನ್ನೂ ಲೋಕವನ್ನೂ ಅವನು ತನ್ನದೇ ಮಾತಿನಲ್ಲಿ ಮಾತಾಡಿಸಿದ. ಇದು ಸಣ್ಣ ಸಾಧನೆಯಲ್ಲ. ಆದರೆ ಒಂದು ಸಂಗತಿ ಗಮನಿಸಿ: ಬಡವನ ಆಡುಮಾತು ಕನ್ನಡ ಕಾವ್ಯದ ಪಡಸಾಲೆಗೆ ಬರಬೇಕಾದರೆ ಕುಡಿದೇ ಬರಬೇಕಾಯಿತು. ಪಡಸಾಲೆಯಲ್ಲಿ ಕೂತವರು ತಲೆದೂಗಿದರು. ರತ್ನ ಕುಡಿಯುವುದನ್ನು ನಿಲ್ಲಿಸಿದ ಮೂರನೆಯ ದಿನ ಏನಾಗುತ್ತಾನೆ ಎಂದು ಯಾರೂ ಕೇಳಲಿಲ್ಲ.

ಎರಡನೆಯದು ದುರಂತದ ವೇಷ. ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಹೆಂಡಕ್ಕೂ ಅವನಿಗೆ ಸಿಗದ ಭೂಮಿಗೂ ಇರುವ ನಂಟು ಕಾಣುತ್ತದೆ. ಕುಡಿತವನ್ನು ಹುಟ್ಟುಗುಣವೆಂದು ಕಾಣದೆ ಬದುಕಿನ ಕಟ್ಟಿನೊಳಗಿಟ್ಟು ನೋಡಿದ ಹೆಚ್ಚುಗಾರಿಕೆ ಆ ಕಾದಂಬರಿಯದು. ಆದರೂ ಓದಿದವರು, ೧೯೭೫ರಲ್ಲಿ ಸಿನಿಮಾ ನೋಡಿದವರು, ಕಣ್ಣೀರು ಒರೆಸಿಕೊಂಡು ಎದ್ದರು. ಕಣ್ಣೀರಿಗೆ ಹಾಸಿಗೆಯೂ ಇಲ್ಲ, ವೈದ್ಯನೂ ಇಲ್ಲ.

ಮೂರನೆಯದು ಉಪದೇಶದ ವೇಷ. ೧೯೯೨ರ 'ಜೀವನ ಚೈತ್ರ'ದಲ್ಲಿ ದೊಡ್ಡ ಮನೆತನದ ಯಜಮಾನ ಊರಿನ ಹೆಂಡದ ಪಿಡುಗಿನ ವಿರುದ್ಧ ನಿಲ್ಲುತ್ತಾನೆ. ಆ ಚಿತ್ರ ಜನರನ್ನು ಅಲುಗಾಡಿಸಿದ್ದು ನಿಜ. ಆದರೆ ಅಲ್ಲಿ ಬಿಡುಗಡೆ ಮೇಲಿನಿಂದ ಇಳಿದು ಬರುತ್ತದೆ. ಕುಡಿಯುವವನ ಕೆಲಸ ತಲೆ ತಗ್ಗಿಸುವುದು.

ನಗೆ, ಕಣ್ಣೀರು, ಉಪದೇಶ. ಈ ಮೂರರ ನಡುವೆ ಕಾಯಿಲೆ ಎಂಬ ಪದ ಕಳೆದುಹೋಯಿತು. ಆ ಖಾಲಿ ಜಾಗದಲ್ಲಿ ಕರಪತ್ರದವನು ಅಂಗಡಿ ಇಟ್ಟ.

೨

"ಮನೆಗೇ ಬಂದು ಕರೆದೊಯ್ಯುತ್ತೇವೆ."

ಈ ವಾಕ್ಯ ಯಾರಿಗೆ ಹೇಳಿದ್ದು? ಹೆಂಡತಿಗೆ, ಅವ್ವನಿಗೆ, ಅಣ್ಣತಮ್ಮಂದಿರಿಗೆ. ಯಾರ ಬಗ್ಗೆ? ಮೂಲೆಯಲ್ಲಿ ಬಿದ್ದಿರುವವನ ಬಗ್ಗೆ. ಅವನು ಈ ಕರಪತ್ರದ ಓದುಗನಲ್ಲ, ಸರಕು. ವ್ಯಾನು ರಾತ್ರಿ ಬರುತ್ತದೆ, ನಾಲ್ಕು ಜನ ಇಳಿಯುತ್ತಾರೆ, ಕೈಕಾಲು ಹಿಡಿದು ಎತ್ತಿ ಹಾಕಿಕೊಳ್ಳುತ್ತಾರೆ. ಇದಕ್ಕೆ ಕರಪತ್ರದ ಕನ್ನಡದಲ್ಲಿ 'ಸೇವೆ' ಅಂತ ಹೆಸರು.

ಕಾನೂನು ಬೇರೆ ಮಾತು ಹೇಳುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ೨೦೧೮ರಿಂದ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಅಂಥವರನ್ನು ಒಳಗಿಟ್ಟುಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ತನ್ನ ಇಚ್ಛೆಯಿಂದ ಸೇರಿದವನಿಗೆ ತನ್ನ ಇಚ್ಛೆಯಿಂದ ಹೊರಡುವ ಹಕ್ಕಿದೆ. ತೀರ್ಮಾನಿಸುವ ಸ್ಥಿತಿಯಲ್ಲಿ ಅವನಿಲ್ಲದಿದ್ದರೆ, ಅವನ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ತಜ್ಞರು ಪರೀಕ್ಷಿಸಿದ ಮೇಲೆ ಸೇರಿಸಿಕೊಳ್ಳಬಹುದು. ಅದಕ್ಕೂ ಮೊದಲ ಸಲಕ್ಕೆ ೩೦ ದಿನದ ಮಿತಿಯಿದೆ. "ಹೆಂಡ್ತಿ ಸೈನ್ ಹಾಕವ್ಳೆ" ಅನ್ನುವುದೊಂದೇ ಸಾಲದು.

ಇಲ್ಲಿ ಹೆಣ್ಣುಮಕ್ಕಳ ಕಡೆಯಿಂದ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. ದಿನಾ ಹೊಡೆತ ತಿನ್ನುವವಳಿಗೆ ವ್ಯಾನು ಬಂದರೆ ಒಂದು ರಾತ್ರಿಯ ನಿದ್ದೆ ಸಿಗುತ್ತದೆ. ಆ ನಿದ್ದೆಯನ್ನು ಹಗುರ ಮಾಡುವವರು ಅವಳ ಮನೆಯಲ್ಲಿ ಬಾಳಿದವರಲ್ಲ. ಆದರೆ ಹೊಡೆತಕ್ಕೆ ಬೇರೆಯೇ ಕಾನೂನಿದೆ. ೨೦೦೫ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ೧೮೧ ಸಹಾಯವಾಣಿ ಇದೆ. ಅವಳ ರಕ್ಷಣೆಯನ್ನೂ ಅವನ ಚಿಕಿತ್ಸೆಯನ್ನೂ ಒಂದೇ ಗಂಟು ಕಟ್ಟಿ ಮಾರುವವನು ಎರಡನ್ನೂ ಕೊಡುವುದಿಲ್ಲ. ಎಳೆದೊಯ್ದವನು ಮೂರು ತಿಂಗಳ ಮೇಲೆ ಸಿಟ್ಟು ಹೊತ್ತುಕೊಂಡು ಅದೇ ಮನೆಗೆ ಬರುತ್ತಾನೆ.

ಕುಡಿಯುವ ಹೆಣ್ಣಂತೂ ಈ ಕರಪತ್ರಗಳಲ್ಲಿ ಇಲ್ಲವೇ ಇಲ್ಲ. ಅವಳಿಗೆ ಬೈಗುಳ ಮಾತ್ರ ಇದೆ. ಹೆಂಗಸರಿಗೆ ಬೇರೆ ವಾರ್ಡು, ಬೇರೆ ಕಕ್ಕಸು, ಹೆಂಗಸು ದಾದಿ ಇದ್ದಾರೆಯೇ ಎಂದು ಮೊದಲೇ ಕೇಳಿ, ಕಣ್ಣಾರೆ ನೋಡಿ ತೀರ್ಮಾನಿಸಬೇಕು.

೩

"ಶೇಕಡಾ ನೂರು ಗ್ಯಾರಂಟಿ."

ಮದ್ಯದ ಚಟಕ್ಕೆ ಗ್ಯಾರಂಟಿ ಕೊಡುವ ವೈದ್ಯಶಾಸ್ತ್ರ ಇನ್ನೂ ಹುಟ್ಟಿಲ್ಲ. ಸಕ್ಕರೆ ಕಾಯಿಲೆಯ ಹಾಗೆ, ರಕ್ತದೊತ್ತಡದ ಹಾಗೆ ಇದು ಮತ್ತೆ ಮತ್ತೆ ತಲೆ ಎತ್ತುವ ಕಾಯಿಲೆ. ಬಿಟ್ಟವನು ಮತ್ತೆ ಕುಡಿದರೆ ಅದು ಅವನ ಜಾತಿಯ ಗುಣವೂ ಅಲ್ಲ, ಹಣೆಬರಹವೂ ಅಲ್ಲ. ಕಾಯಿಲೆ ಮರುಕಳಿಸಿದೆ, ಚಿಕಿತ್ಸೆ ಮುಂದುವರಿಯಬೇಕು, ಅಷ್ಟೆ.

ಗ್ಯಾರಂಟಿ ಎಂಬ ಪದದ ಅಡಿಯಲ್ಲಿ ಕರಪತ್ರ ಮುಚ್ಚಿಡುವುದು ಮೊದಲ ನಾಲ್ಕು ದಿನಗಳನ್ನು. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಕುಡಿತ ನಿಂತ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಏರುತ್ತದೆ. ಗೋಡೆ ಮೇಲೆ ಹುಳ ಹರಿದಂಗೆ ಕಾಣ್ತದೆ, ಇಲ್ಲದವರು ಕರೆದಂಗೆ ಕೇಳ್ತದೆ, ಹಗಲು ರಾತ್ರಿ ತಿಳಿಯೋದಿಲ್ಲ. ಹಟ್ಟಿಯಲ್ಲಿ ಇದನ್ನು "ಗಾಳಿ ಹಿಡಿದಿದೆ" ಅಂತ ಮಂತ್ರಿಸಲು ಒಯ್ಯುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಮನುಷ್ಯ ಸಾಯುತ್ತಾನೆ.

ಇದಕ್ಕೆ ಮದ್ದಿದೆ, ದುಬಾರಿಯೂ ಅಲ್ಲ. ಡಯಾಜೆಪಾಮ್, ಲೊರಾಜೆಪಾಮ್ ಜಾತಿಯ ಔಷಧಿಗಳನ್ನು ವೈದ್ಯರು ಅಳತೆ ನೋಡಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಥಯಾಮಿನ್ ಅಂದರೆ ಬಿ-೧ ಜೀವಸತ್ವ ಕೊಡುತ್ತಾರೆ. ಅದು ಕಡಿಮೆಯಾದರೆ ಮಿದುಳಿಗೆ ಪೆಟ್ಟು ಬಿದ್ದು ನೆನಪೇ ಅಳಿಸಿಹೋಗಬಹುದು. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಈ ಘಟ್ಟ ಮುಗಿಯುತ್ತದೆ. ಹಾಗಾಗಿ ಕೇಂದ್ರದ ಮ್ಯಾನೇಜರನಿಗೆ ಹಾಕಬೇಕಾದ ಮೊದಲ ಪ್ರಶ್ನೆ ಇದು: ರಾತ್ರಿ ಎರಡು ಗಂಟೆಗೆ ಇವನಿಗೆ ಫಿಟ್ಸ್ ಬಂದರೆ ಇಲ್ಲಿ ಯಾರಿರುತ್ತಾರೆ? ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಒಯ್ಯುತ್ತೀರಿ? ಉತ್ತರ ತೊದಲಿದರೆ ಅಲ್ಲಿಂದ ಎದ್ದು ಬನ್ನಿ. ಫೀಜು ಎಷ್ಟೇ ಕಡಿಮೆ ಇರಲಿ.

ಗ್ಯಾರಂಟಿಯ ಇನ್ನೊಂದು ಅವತಾರ "ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿ." ಅಂಥ ಪುಡಿಯಲ್ಲಿ ಏನಿದೆಯೆಂದು ಕೊಂಡವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯೊಂದಿದೆ. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಹಾಗಾಗಿ ವೈದ್ಯರು ಅದನ್ನು ಅವನಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಕದ್ದು ಕೊಟ್ಟರೆ ಅದು ವಿಷವಿಕ್ಕಿದಂತೆ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ. ಈ ಹೆಸರುಗಳನ್ನೇ ಕೇಳದ ಕೇಂದ್ರಕ್ಕೆ ಚಿಕಿತ್ಸಾ ಕೇಂದ್ರವೆಂಬ ಬೋರ್ಡು ಒಪ್ಪುವುದಿಲ್ಲ.

೪

"ಶಿಸ್ತು, ಸೇವೆ, ಸಂಸ್ಕಾರ."

ಸಂಸ್ಕಾರ! ಈ ಪದ ಎಲ್ಲಿಂದ ಬರುತ್ತದೆ, ಯಾರ ಮೇಲೆ ಪ್ರಯೋಗವಾಗುತ್ತದೆ ಎಂಬುದು ನಮಗೆ ಹೊಸದಲ್ಲ. ಕೊಳಕನನ್ನು ತೊಳೆದು ಶುದ್ಧ ಮಾಡುವ ಹಳೆಯ ಆಸೆ ಹೊಸ ಬೋರ್ಡು ಹಾಕಿಕೊಂಡಿದೆ.

ಇಲ್ಲಿ ನಮ್ಮ ಓದುಗರು ಕೇಳಬೇಕಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳುವುದಿಲ್ಲ: ಕೇಂದ್ರದ ಕಕ್ಕಸು ಯಾರು ತೊಳೆಯುತ್ತಾರೆ? ಸರದಿಯ ಮೇಲೆ ಎಲ್ಲರೂ ತೊಳೆದರೆ ಅದೊಂದು ಮಾತು. ಫೀಜು ಕಡಿಮೆ ಕೊಟ್ಟವನ ಕೈಗೆ, ಕೇರಿಯಿಂದ ಬಂದವನ ಕೈಗೆ ಪೊರಕೆ ಕೊಟ್ಟು ಅದನ್ನು 'ಶ್ರಮದಾನ' ಎಂದರೆ ಅದು ಊರಿನ ವ್ಯವಸ್ಥೆಯೇ ಕಾಂಪೌಂಡಿನೊಳಗೆ ಬಂದ ಹಾಗೆ. ಅಡುಗೆಮನೆಗೆ ಯಾರನ್ನು ಬಿಡುತ್ತಾರೆ, ತಟ್ಟೆಗಳು ಎಲ್ಲಿ ಇಡುತ್ತಾರೆ, ಸೇರಿಸಿಕೊಳ್ಳುವ ಫಾರಮ್ಮಿನಲ್ಲಿ ಜಾತಿ ಯಾಕೆ ಕೇಳುತ್ತಾರೆ, ಇವೆಲ್ಲ ನೋಡಿ ಬರಬೇಕಾದ ಸಂಗತಿಗಳು.

ಇದರಲ್ಲೂ ಕಾನೂನು ನಮ್ಮ ಪರ ಇದೆ. ಅದೇ ಕಾಯ್ದೆಯ ಪ್ರಕಾರ ಒಳಗಿರುವವನಿಂದ ಬಲವಂತದ ಕೆಲಸ ತೆಗೆಯುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕು. ತಲೆ ಬೋಳಿಸುವಂತಿಲ್ಲ. ಸರಪಳಿ ಹಾಕುವಂತಿಲ್ಲ. ಒಂಟಿ ಕೋಣೆಗೆ ತಳ್ಳುವಂತಿಲ್ಲ. ಶಿಸ್ತಿನ ಹೆಸರಲ್ಲಿ ಇದು ನಡೆದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಣ್ಣುಮಕ್ಕಳಿಗೂ ವರಮಾನ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಆ ಸಮಿತಿಯ ಕಚೇರಿ ಇರುತ್ತದೆ.

ಊರಿನ ಕಲ್ಯಾಣ ಮಂಟಪದಲ್ಲಿ ಎಂಟು ದಿನ ನಡೆಯುವ ಮದ್ಯವರ್ಜನ ಶಿಬಿರಗಳ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಭಜನೆ, ಪೂಜೆ, ಪ್ರಮಾಣವಚನಗಳ ಬಗ್ಗೆ ನಮಗೆ ತಕರಾರಿದೆ. ಆದರೆ ಅವು ಊರ ಹತ್ತಿರ ನಡೆಯುತ್ತವೆ, ಖರ್ಚು ಕಡಿಮೆ, ಮನೆಯವರು ದಿನಾ ಬಂದು ನೋಡಬಹುದು. ಒಬ್ಬನೇ ನಾಚುವ ಬದಲು ಐವತ್ತು ಜನ ಒಟ್ಟಿಗೆ ಕೂರುತ್ತಾರೆ. ಈ ಶಕ್ತಿಯನ್ನು ಅಲ್ಲಗಳೆಯುವುದು ಮೂರ್ಖತನ. ೧೯೮೦ರ ದಶಕದ ಕೊನೆಯಲ್ಲಿ ತಮಿಳುನಾಡಿನ ಮಂಜಕ್ಕುಡಿಯಲ್ಲಿ ಶಾಂತಿ ರಂಗನಾಥನ್ ಅವರ ಸಂಸ್ಥೆ ಶುರು ಮಾಡಿದ ಹಳ್ಳಿ ಶಿಬಿರಗಳು ಇದೇ ದಾರಿಯವು. ಅಲ್ಲಿ ಜೊತೆಗೆ ವೈದ್ಯರಿದ್ದರು, ಶಿಬಿರ ಮುಗಿದ ಮೇಲೆ ಮತ್ತೆ ಹೋಗಿ ನೋಡುವ ಕ್ರಮವಿತ್ತು. ನಮ್ಮೂರ ಶಿಬಿರವನ್ನೂ ಅದೇ ಎರಡು ಅಳತೆಗೋಲಿನಿಂದ ಅಳೆಯೋಣ. ಭಾರಿ ಕುಡಿತದವನನ್ನು ವೈದ್ಯರಿಲ್ಲದ ಶಿಬಿರಕ್ಕೆ ಕಳಿಸಕೂಡದು.

೫

"ಬಡವರಿಗೆ ರಿಯಾಯಿತಿ."

ರಿಯಾಯಿತಿ ದಣಿಯ ಭಾಷೆ. ಕೊಡುವವನಿಗೆ ಇಷ್ಟ ಬಂದಾಗ ಕೊಡುತ್ತಾನೆ. ಹಕ್ಕಿನ ಭಾಷೆ ಬೇರೆ. ೨೦೧೭ರ ಅದೇ ಕಾಯ್ದೆಯ ೧೮ನೆಯ ಕಲಮು ಹೇಳುವುದೇನು? ಬಡತನದ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡು ಕೈಯಲ್ಲಿರಲಿ ಇಲ್ಲದಿರಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಕಡೆಗಳಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸೆ ಪುಕ್ಕಟೆ.

ಈಗ ಲೆಕ್ಕ ಹಾಕೋಣ. ಖಾಸಗಿ ಕೇಂದ್ರದ ತಿಂಗಳ ಫೀಜು ೧೨,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. "ತೊಂಬತ್ತು ದಿನ ಇಟ್ಟರೇ ಗುಣ" ಅಂದರೆ ೩೬,೦೦೦. ೨೦೨೫-೨೬ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ೩೭೦ ರೂಪಾಯಿ. ಅಂದರೆ ೯೭ ದಿನದ ದುಡಿಮೆ. ಮನೆಯೊಂದಕ್ಕೆ ವರ್ಷಕ್ಕೆ ಖಾತ್ರಿಯಿದ್ದದ್ದೇ ೧೦೦ ದಿನ. ಮೂರು ತಿಂಗಳು ಅವನ ಕೂಲಿಯೂ ಇಲ್ಲ. ಉಳಿದದ್ದು ಸಂಘದ ಸಾಲ, ವಾರದ ಕಂತು. ಅವನು ಕುಡಿತ ಬಿಟ್ಟು ಬರುವ ಹೊತ್ತಿಗೆ ಮನೆ ಸಾಲಕ್ಕೆ ಬಿದ್ದಿರುತ್ತದೆ. ಸಾಲಗಾರನ ಮುಖ ನೋಡಿ ಅವನು ಹೋಗುವುದೆಲ್ಲಿಗೆ?

ಹಾಗಾದರೆ ಮೊದಲು ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೆಂದೇ ವಿಭಾಗವಿದೆ. ಉತ್ತರದ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ನೋಡಿದ ಪ್ರಯೋಗವೇ ೧೯೯೬ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೧೪ರಲ್ಲಿ ರಾಜ್ಯ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ಕು ಶುರು ಮಾಡಿತು. ನಿಮ್ಮ ತಾಲ್ಲೂಕಿಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಕೇಳಿ ಶಾಲೆಯ ಗೋಡೆಗೆ ಬರೆದು ಹಾಕಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ಅಲ್ಲಿಗೆ ಹೋದಾಗ, "ಅನುದಾನದ ಹಾಸಿಗೆ ಎಷ್ಟು, ಖಾಲಿ ಎಷ್ಟು?" ಎಂದು ಕೇಳಿ. ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು, ಕಾರ್ಖಾನೆಯವರಾದರೆ ಇಎಸ್‌ಐ ಕಾರ್ಡು ಜೊತೆಗಿರಲಿ.

ಇನ್ನೊಂದು ಗುಟ್ಟನ್ನು ಕರಪತ್ರ ಹೇಳುವುದಿಲ್ಲ. ಎಲ್ಲರಿಗೂ ವಸತಿ ಬೇಕಿಲ್ಲ. ಕುಡಿತ ಇನ್ನೂ ಹದ ಮೀರದವನು ಮನೆಯಲ್ಲಿದ್ದೇ ಆಸ್ಪತ್ರೆಗೆ ಹೋಗಿ ಬಂದು ಬಿಡಬಲ್ಲ. ಹಿಂದೆ ಫಿಟ್ಸ್, ಸನ್ನಿ ಬಂದವರಿಗೆ, ಲಿವರ್ ಕೆಟ್ಟವರಿಗೆ, ಸಾಯುವ ಮಾತಾಡುವವರಿಗೆ, ಮನೆಯಲ್ಲಿ ನೋಡುವವರಿಲ್ಲದವರಿಗೆ ಹಾಸಿಗೆ ಬೇಕೇ ಬೇಕು. ಇದನ್ನು ತೀರ್ಮಾನಿಸಬೇಕಾದವರು ಪರೀಕ್ಷೆ ಮಾಡಿದ ವೈದ್ಯರು.

ಎಷ್ಟು ಜನಕ್ಕೆ ಈ ಬಾಗಿಲು ತೆರೆದಿದೆ? ದೆಹಲಿಯ ಏಮ್ಸ್ ನಡೆಸಿ ೨೦೧೯ರಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ದೇಶದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ ೩೮ ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯ ಹಾಸಿಗೆ ಸಿಕ್ಕಿದ್ದು ೧೮೦ಕ್ಕೆ ಒಬ್ಬರಿಗೆ. ಉಳಿದ ೧೭೯ ಜನರನ್ನು ನಂಬಿಕೊಂಡು ಕರಪತ್ರ ಅಚ್ಚಾಗುತ್ತಿದೆ.

೬

ಯಾವುದೇ ಪಠ್ಯದಲ್ಲಿ ಹೇಳದೆ ಬಿಟ್ಟದ್ದನ್ನೂ ಓದಬೇಕು. ಕರಪತ್ರ ಹೇಳದೆ ಬಿಟ್ಟದ್ದು: ವಾಪಸು ಬಂದ ಮೇಲೆ ಏನು?

ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಪ್ರತಿಮಾ ಮೂರ್ತಿ ಮತ್ತು ಜೊತೆಗಾರರು ಮಾಡಿದ ಅಧ್ಯಯನವೊಂದು ೨೦೦೯ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಬಡ ರೋಗಿಗಳ ಎರಡು ಗುಂಪು. ಒಂದು ಗುಂಪಿಗೆ ಅವರ ಕೊಳೆಗೇರಿಯಲ್ಲೇ ವಾರಕ್ಕೊಮ್ಮೆ ಕ್ಲಿನಿಕ್ಕು. ಇನ್ನೊಂದಕ್ಕೆ ಅದಿಲ್ಲ. ಹತ್ತಿರವೇ ವಾರವಾರ ಆರೈಕೆ ಸಿಕ್ಕ ಗುಂಪಿನವರು ವರ್ಷದುದ್ದಕ್ಕೂ ಹೆಚ್ಚು ಗಟ್ಟಿಯಾಗಿ ನಿಂತರು. ದೊಡ್ಡ ಕಟ್ಟಡ, ಈಜುಕೊಳ, ಎಸಿ ರೂಮು ಯಾವುದೂ ಈ ಕೆಲಸ ಮಾಡಲಿಲ್ಲ. ಮನೆಯ ಹತ್ತಿರದ ಬೆಂಚು ಮಾಡಿತು. ೧೯೩೫ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಇಂಥ ಬೆಂಚೇ. ಬಿಟ್ಟವರು ಬಿಡಬೇಕೆನ್ನುವವರ ಜೊತೆ ಕೂರುತ್ತಾರೆ, ಫೀಜಿಲ್ಲ, ಕನ್ನಡದಲ್ಲೂ ನಡೆಯುತ್ತವೆ. ಅವರ ದೇವರ ಮಾತು ಒಪ್ಪದವರು ಮಾತು ಬಿಟ್ಟು ಬೆಂಚು ಇಟ್ಟುಕೊಳ್ಳಲಿ.

ಆದರೆ ಬೆಂಚಿನಿಂದೆದ್ದು ಅವನು ಹೋಗುವುದು ಯಾವ ಕೆಲಸಕ್ಕೆ? ಮಲದ ಗುಂಡಿಗೆ ಇಳಿಯುವವನು ವಾಸನೆ ತಡೆಯಲು ಕುಡಿದು ಇಳಿಯುತ್ತಾನೆ. ೨೦೧೩ರ ಕಾಯ್ದೆ ಆ ಕೆಲಸವನ್ನೇ ನಿಷೇಧಿಸಿದೆ. ಅವನಿಗೆ ಮೂರು ತಿಂಗಳು ಧ್ಯಾನ ಕಲಿಸಿ ಮತ್ತೆ ಅದೇ ಗುಂಡಿಗೆ ಇಳಿಸುವ ಸಮಾಜಕ್ಕೆ ಯಾವ ಕೇಂದ್ರದಲ್ಲಿ ಚಿಕಿತ್ಸೆ ಕೊಡಿಸೋಣ? ೨೦೦೭ರ ಜುಲೈ ೧ರಿಂದ ಸಾರಾಯಿ ನಿಂತಿತು. ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಬಂತು. ಸಂವಿಧಾನದ ೪೭ನೆಯ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಎಂದು ಸರ್ಕಾರಕ್ಕೆ ಹೇಳುತ್ತದೆ. ೨೦೨೫-೨೬ರ ರಾಜ್ಯ ಬಜೆಟ್ಟು ಅಬಕಾರಿಯಿಂದ ೪೦,೦೦೦ ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ೨೦೧೯ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳು ಪಾನನಿಷೇಧ ಕೇಳಿದರು. ಅದರ ಜೊತೆಗೆ ನಾವು ಸೇರಿಸಬೇಕಾದ ಬೇಡಿಕೆ ಒಂದಿದೆ: ಆ ಅಬಕಾರಿ ಹಣದಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಹಾಸಿಗೆ, ವಾರಕ್ಕೊಂದು ಕೇರಿ ಕ್ಲಿನಿಕ್ಕು. ನಮ್ಮ ಜನ ಈಗಾಗಲೇ ಕಟ್ಟಿಯಾಗಿರುವ ಫೀಜು ಅದು.

ಅದು ಬರುವವರೆಗೆ ಕಂಬದ ಮೇಲಿನ ಕರಪತ್ರದ ಪಕ್ಕ ನಮ್ಮದೊಂದು ಅಂಟಿಸೋಣ. ಮೇಷ್ಟ್ರುಗಳು, ವಿದ್ಯಾರ್ಥಿಗಳು ನಕಲು ಮಾಡಿ ತಾಲ್ಲೂಕಿನ ವಿವರ ತುಂಬಿಕೊಳ್ಳಲಿ. ಅದು ಹೆಂಡತಿಗೋ ಅಣ್ಣನಿಗೋ ಬರೆದದ್ದಾಗಿರಬಾರದು, ಕುಡಿಯುವವನಿಗೇ ಬರೆದದ್ದಾಗಿರಬೇಕು:

"ಅಣ್ಣಾ, ನಿನಗಿರೋದು ಕಾಯಿಲೆ. ದಿನಾ ಕುಡಿಯೋನು ಒಂದೇ ಏಟಿಗೆ ನಿಲ್ಲಿಸಬೇಡ, ಮೊದಲು ಡಾಕ್ಟ್ರನ್ನ ನೋಡು. ಸರ್ಕಾರಿ ಆಸ್ಪತ್ರೇಲಿ ಇದು ಪುಕ್ಕಟೆ, ಧರ್ಮಕ್ಕಲ್ಲ, ನಿನ್ನ ಹಕ್ಕು. ಬೇರೆ ಕಡೆ ಸೇರೋದಾದ್ರೆ ನೋಂದಣಿ ಪತ್ರ ಕೇಳು. ರಾತ್ರಿ ಡಾಕ್ಟ್ರು ಯಾರು, ದಿನಕ್ಕೆ ಏನೇನು ಮಾತ್ರೆ, ಮನೆಯೋರು ಯಾವಾಗ ನೋಡಬಹುದು, ಫೋನು ಮಾಡೋಕೆ ಬಿಡ್ತಾರಾ, ಕಕ್ಕಸು ಯಾರು ತೊಳೀತಾರೆ, ಬಿಟ್ಟು ಬಂದ ಮೇಲೆ ಯಾರು ವಿಚಾರಿಸ್ತಾರೆ ಅಂತ ಕೇಳು. ಪೂರಾ ದುಡ್ಡು ಮುಂಚೇನೇ ಕಟ್ಟಬೇಡ, ರಸೀದಿ ತಗೋ. ಹೊಡೆದ್ರೆ, ಕಟ್ಟಿ ಹಾಕಿದ್ರೆ ನಮಗೆ ತಿಳಿಸು. ಮತ್ತೆ ಕುಡಿದ್ರೂ ನಾಚ್ಕೊಂಡು ಅವಿತುಕೋಬೇಡ, ಮತ್ತೆ ಬಾ. ೧೪೪೧೬ಕ್ಕೆ ಫೋನು ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ೧೪೪೪೬ ಚಟ ಬಿಡಿಸೋ ಸಹಾಯವಾಣಿ, ಎರಡಕ್ಕೂ ದುಡ್ಡಿಲ್ಲ. ಆಸ್ಪತ್ರೆಗೆ ಒಬ್ನೇ ಹೋಗೋಕೆ ಹಿಂಜರಿಕೆ ಆದ್ರೆ ಶಾಲೆ ಹತ್ರ ಬಾ. ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಜೊತೇಲಿ ಹೋಗೋಣ."